‘ಅಳಿಸಲೇ?’ ಎಂದು ಕೇಳುವ ಕಂಪ್ಯೂಟರೂ ದೊಡ್ಡಮ್ಮನ ಐಪಾಡೂ

(ಮಂಗಳೂರಿನಲ್ಲಿ ಹಳೆಯ ರೇಡಿಯೊ, ಟೇಪು, ಕ್ಯಾಮೆರಾ ಇಟ್ಟುಕೊಂಡವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಗೆಳೆಯರೊಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು, ಅದನ್ನು ಕೇಳಿಕೊಂಡು ಬರೆದಿದ್ದೇನೆ. ಎಳೆದದ್ದನ್ನು ಅಲ್ಲಲ್ಲಿ ಕತ್ತರಿಸಿದ್ದೇನೆ, ಆ ದಿನ ಮರೆತ ಒಂದೆರಡು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ ಅಂತ ಗೊತ್ತು, ಆದರೂ ಎತ್ತಿ ಹಿಡಿಯುತ್ತೇನೆ. ಇಸ್ಪೀಟು ಕಟ್ಟಿನಷ್ಟು ಗಾತ್ರ. ಮುಂದೆ ಬಿಳಿ ಪ್ಲಾಸ್ಟಿಕ್, ಹಿಂದೆ ಸ್ಟೀಲು. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಸ್ಟೀಲು ಈಗ ನಮ್ಮ ಮನೆಯ ಹಳೇ ಲೋಟದ ಹಾಗೆ ಗೀರೇ ಗೀರು. ಆಪಲ್‌ನವರ ಐದನೇ ತಲೆಮಾರಿನ ಐಪಾಡ್, 30 ಜಿಬಿಯದ್ದು. ಈ ಮಾದರಿ ಬಂದದ್ದು 2005ರ ಅಕ್ಟೋಬರಿನಲ್ಲಿ. ವಿಡಿಯೊ ತೋರಿಸುವ ಮೊದಲ ಐಪಾಡ್ ಅಂತ ಆಗ ದೊಡ್ಡ ಸುದ್ದಿ. ಎರಡೂವರೆ ಇಂಚಿನ ಪರದೆಯಲ್ಲಿ ಯಾರು ಕೂತು ಸಿನಿಮಾ ನೋಡಿದರೋ ದೇವರೇ ಬಲ್ಲ.

ಇದು ನನ್ನದಲ್ಲ, ಪುತ್ತೂರು ಕಡೆಯ ನನ್ನ ದೊಡ್ಡಮ್ಮನದು. ಅಂದರೆ ಅವರ ಮಗನದು. ಅಣ್ಣ ಅಮೆರಿಕದಲ್ಲಿದ್ದ, 2006ರಲ್ಲಿ ರಜೆಗೆ ಬಂದಾಗ ತಂದಿದ್ದ. ದೊಡ್ಡಪ್ಪನಿಗೆ ತಾಳಮದ್ದಳೆಯ, ಅಂದರೆ ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹುಚ್ಚು. ಎಲ್ಲಿ ಕೂಟ ಇದ್ದರೂ ಟೂ-ಇನ್-ಒನ್ ಹೊತ್ತುಕೊಂಡು ಹೋಗಿ, ವೇದಿಕೆಯ ಅಂಚಿಗೆ ಇಟ್ಟು, ರಾತ್ರಿ ಇಡೀ ಕೂತು ರೆಕಾರ್ಡ್ ಮಾಡುತ್ತಿದ್ದರು. 90 ನಿಮಿಷದ ಕ್ಯಾಸೆಟ್ಟು, ಮುಕ್ಕಾಲು ಗಂಟೆಗೊಮ್ಮೆ ಮಗುಚಿ ಹಾಕಬೇಕು. ಪಾತ್ರದ ಮಾತಾಡುವ ಅರ್ಥಧಾರಿ ಪೂರ್ಣ ಆವೇಶದಲ್ಲಿದ್ದಾಗಲೇ ‘ಟಕ್’ ಅಂತ ಟೇಪು ನಿಲ್ಲುತ್ತಿತ್ತು. ಅಣ್ಣ ಆ ರಜೆಯಲ್ಲಿ ಇಡೀ ತಿಂಗಳು ಕೂತು 27 ಕ್ಯಾಸೆಟ್‌ಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿ, ಅಲ್ಲಿಂದ ಈ ಐಪಾಡ್‌ಗೆ ತುಂಬಿ, ಅಪ್ಪನ ಕೈಗೆ ಕೊಟ್ಟು ಹೋದ.

ದೊಡ್ಡಪ್ಪ ತೀರಿಕೊಂಡು ವರ್ಷಗಳಾದವು. ಕ್ಯಾಸೆಟ್ಟುಗಳಿಗೆ ನಮ್ಮ ಊರಿನ ಮಳೆಗಾಲ ಏನು ಮಾಡುತ್ತದೆ ಅಂತ ಇಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದು ಪದರಕ್ಕೆ ಪದರ ಅಂಟಿತ್ತು, ಯಾರೋ ಮನೆ ಸುಣ್ಣ ಹೊಡೆಯುವಾಗ ಬಿಸಾಡಿಯೂ ಆಗಿತ್ತು. 2023ರ ಮಳೆಗಾಲದಲ್ಲಿ ನಾನು ಹೋದಾಗ ದೊಡ್ಡಮ್ಮ ಗೋದ್ರೇಜ್ ಕಪಾಟಿನಿಂದ ಒಂದು ಕರವಸ್ತ್ರದ ಗಂಟು ತೆಗೆದರು. ‘ಇದ್ರಲ್ಲಿ ನಿನ್ನ ದೊಡ್ಡಪ್ಪನ ಕ್ಯಾಸೆಟ್ ಎಲ್ಲ ಉಂಟಂತೆ. ಕೇಳ್ಲಿಕ್ಕೆ ಆಗ್ತದಾ ನೋಡು ಮಗ.’

ಅಣ್ಣನಿಗೆ ಫೋನ್ ಮಾಡಿದೆ. ‘ಆ ಲ್ಯಾಪ್‌ಟಾಪ್ ಹೋಗಿ ಎಷ್ಟೋ ವರ್ಷ ಆಯ್ತು ಮಾರಾಯ. ನಾನು ಅಪ್ಪನ ಹತ್ರ ಉಂಟಲ್ಲ ಅಂತ ಇದ್ದೆ’ ಅಂದ. ಮಗ ಅಪ್ಪನ ಹತ್ತಿರ ಇದೆ ಅಂದುಕೊಂಡಿದ್ದ, ಅಪ್ಪ ಮಗನ ಹತ್ತಿರ ಇದೆ ಅಂದುಕೊಂಡು ಕ್ಯಾಸೆಟ್ಟುಗಳ ಗೊಡವೆ ಬಿಟ್ಟಿದ್ದರು. ಎಲ್ಲ ಸೇರಿ ಉಳಿದಿದ್ದದ್ದು ಕರವಸ್ತ್ರದೊಳಗಿನ ಇದೊಂದೇ ಪ್ರತಿ.

ಮೊದಲ ದಿನ ಇದು ಸತ್ತೇ ಹೋಗಿದೆ ಅಂತ ನಿರ್ಧಾರ ಮಾಡಿದ್ದೆ. ಯಾವ ಗುಂಡಿ ಒತ್ತಿದರೂ ಸುದ್ದಿಯಿಲ್ಲ. ಒಂದು ಮಾತು ಹೇಳಿಬಿಡುತ್ತೇನೆ, ಇಂಥದ್ದನ್ನು ರಿಪೇರಿಗೆ ತರುವ ಅರ್ಧಕ್ಕರ್ಧ ಜನರಿಗೆ ಇಷ್ಟೇ ಸಾಕು. ಮೇಲ್ಗಡೆ ಒಂದು ಪುಟ್ಟ ಜಾರುಗುಂಡಿ ಇರುತ್ತದೆ, ಹೋಲ್ಡ್ ಅಂತ. ಅದನ್ನು ಸರಿಸಿದಾಗ ಕೆಳಗೆ ಕಿತ್ತಳೆ ಬಣ್ಣ ಕಂಡರೆ ಎಲ್ಲ ಗುಂಡಿಗಳಿಗೂ ಬೀಗ ಬಿದ್ದಿದೆ ಅಂತ ಅರ್ಥ. ನಾನು ಒಂದು ಗಂಟೆ ಕಿತ್ತಳೆಯನ್ನು ನೋಡಿಕೊಂಡೇ ಗುಂಡಿ ಒತ್ತುತ್ತಿದ್ದೆ. ಎರಡನೆಯದು ಕೇಬಲ್ಲು. ಅಗಲ ಬಾಯಿಯ 30 ಪಿನ್‌ನ ಹಳೇ ಕೇಬಲ್ ಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಕರೆಂಟಿನ ತಂತಿ ಮಾತ್ರ ಇರುತ್ತದೆ, ಮಾಹಿತಿಯ ತಂತಿ ಇರುವುದೇ ಇಲ್ಲ. ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಮೂರನೆಯದು ನಮ್ಮ ಕಡಲ ಗಾಳಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ಹಳೇ ಟೂತ್‌ಬ್ರಷ್ಷು, ಸಮಾಧಾನ, ಇಷ್ಟಿದ್ದರೆ ಆಯಿತು.

ಅರ್ಧ ಗಂಟೆ ಚಾರ್ಜಿಗೆ ಹಾಕಿದ ಮೇಲೆ ಪರದೆಯಲ್ಲಿ ಸೇಬಿನ ಗುರುತು ಮೂಡಿತು. ಕಿವಿಗೆ ಇಟ್ಟುಕೊಂಡರೆ ಒಳಗೆ ಡಿಸ್ಕು ತಿರುಗುವ ಸಣ್ಣ ಗುಂಯ್ ಸದ್ದು. ಹೌದು, ಇದರೊಳಗೆ ಇರುವುದು ನಿಜವಾದ ಹಾರ್ಡ್‌ಡಿಸ್ಕು. 1.8 ಇಂಚಿನದು, ಬೆಂಕಿಪೊಟ್ಟಣಕ್ಕಿಂತ ಅಗಲ. ಖುಷಿಯಿಂದ ನನ್ನ ವಿಂಡೋಸ್ 11 ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ.

ಆಗ ಪರದೆಯ ಮೇಲೆ ಬಂತು ನೋಡಿ ಮೊದಲ ಪ್ರಶ್ನೆಯ ಪೆಟ್ಟಿಗೆ. ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’ ಅದನ್ನು ಮುಚ್ಚಿ, ಐಪಾಡ್‌ಗೆ ಹಾಡು ತುಂಬುವ ಆಪಲ್‌ನದೇ ತಂತ್ರಾಂಶ ಐಟ್ಯೂನ್ಸ್ ತೆರೆದೆ. ಅದು ಇನ್ನೊಂದು ಪೆಟ್ಟಿಗೆ ತೆರೆಯಿತು. ಇದು ಮ್ಯಾಕ್‌ಗೆಂದು ಸಿದ್ಧ ಮಾಡಿದ ಐಪಾಡ್, ವಿಂಡೋಸ್‌ನಲ್ಲಿ ಬೇಕಾದರೆ ರಿಸ್ಟೋರ್ ಮಾಡಬೇಕಂತೆ. ರಿಸ್ಟೋರ್ ಅಂದರೆ ಕೇಳಲಿಕ್ಕೆ ಎಷ್ಟು ಚೆಂದ! ಹಳೆಯದನ್ನು ಮರಳಿ ಕೊಡುತ್ತದೆ ಅನ್ನಿಸುತ್ತದೆ. ಮಾಡುವುದು ಮಾತ್ರ ಪೂರ್ತಿ ಒರೆಸಿ ಹಾಕುವ ಕೆಲಸ. ಸರಿ, ಮ್ಯಾಕ್‌ನದ್ದಾದರೆ ಮ್ಯಾಕ್‌ಗೇ ಹಾಕೋಣ ಅಂತ ಗೆಳೆಯನ ಮನೆಗೆ ಹೋದೆ. ಅಲ್ಲಿ ಫಾರ್ಮ್ಯಾಟ್ ಅಂತ ಕೇಳಲಿಲ್ಲ. ಬಹಳ ಮರ್ಯಾದೆಯಿಂದ ಮೂರನೇ ಪೆಟ್ಟಿಗೆ ಬಂತು. ಈ ಐಪಾಡ್ ಬೇರೊಂದು ಸಂಗ್ರಹಕ್ಕೆ ಜೋಡಿಯಾಗಿದೆ, ಅದನ್ನು ಅಳಿಸಿ ಈ ಕಂಪ್ಯೂಟರಿನದ್ದನ್ನು ತುಂಬಲೇ?

ಮೂರು ಪೆಟ್ಟಿಗೆ, ಮೂರರದ್ದೂ ಒಂದೇ ಪ್ರಶ್ನೆ. ಯಾವುದಕ್ಕೆ ಹೂಂ ಅಂದರೂ ಹೋಯಿತು. ಅದಕ್ಕೇ ನಾನು ಇವತ್ತು ಹೇಳಲಿಕ್ಕೆ ಬಂದದ್ದನ್ನು ಈಗಲೇ ಹೇಳುತ್ತೇನೆ, ಊಟದ ಹೊತ್ತಿಗೆ ಎದ್ದು ಹೋಗುವವರಿಗೂ ಸಿಗಲಿ. ಹಳೇ ಪ್ಲೇಯರನ್ನು ಹೊಸ ಕಂಪ್ಯೂಟರಿಗೆ ಹೊಂದಿಸುವುದು ಕಷ್ಟದ ಕೆಲಸವೇ ಅಲ್ಲ. ಹೊಂದಿಸುವ ಆತುರದಲ್ಲಿ ಒಳಗಿದ್ದದ್ದನ್ನು ಕಳೆದುಕೊಳ್ಳದಿರುವುದು ಕಷ್ಟದ ಕೆಲಸ. ಮೊದಲು ಒಳಗಿನದ್ದನ್ನು ಹೊರಗೆ ತನ್ನಿ. ಆಮೇಲೆ ಹಾಡಿಸಿ, ಕುಣಿಸಿ, ಏನು ಬೇಕಾದರೂ ಮಾಡಿ.

ಈ ಪ್ರಶ್ನೆ ಯಾಕೆ ಬರುತ್ತದೆ ಅಂದರೆ, ಐಪಾಡ್‌ನ ಹಾದಿಯನ್ನು ಹಾಗೇ ಕಟ್ಟಿದ್ದರು. 2001ರ ಅಕ್ಟೋಬರ್ 23ರಂದು ಮೊದಲ ಐಪಾಡ್ ತೋರಿಸಿದಾಗಿನಿಂದಲೂ ಹಾಡು ಕಂಪ್ಯೂಟರಿನಿಂದ ಐಪಾಡ್‌ಗೆ ಹರಿಯಬೇಕು, ಹಿಂದಕ್ಕೆ ಬರಬಾರದು. ಸಂಗೀತ ಕಂಪೆನಿಗಳಿಗೆ ಕದಿಯುವವರ ಭಯ. ಅಸಲು ಇರುವುದು ಕಂಪ್ಯೂಟರಿನಲ್ಲಿ, ಐಪಾಡ್ ಅದರ ನೆರಳು ಮಾತ್ರ ಅನ್ನುವ ಲೆಕ್ಕಾಚಾರ. ಹದಿನೇಳು ವರ್ಷದ ಮೇಲೆ ಅಸಲು ಗುಜರಿಗೆ ಹೋಗಿ ನೆರಳು ಮಾತ್ರ ಉಳಿಯಬಹುದು ಅಂತ ಆ ಲೆಕ್ಕದಲ್ಲಿ ಇರಲಿಲ್ಲ.

ಇನ್ನು ನಾನು ಮಾಡಿದ್ದು. ಬ್ಯಾಟರಿ ಮೊದಲು. ನಾಲ್ಕು ನಿಮಿಷಕ್ಕೆ ಆರಿ ಹೋಗುವ ಬ್ಯಾಟರಿ ಇಟ್ಟುಕೊಂಡು ಗಂಟೆಗಟ್ಟಲೆಯ ಕೆಲಸಕ್ಕೆ ಇಳಿಯಬಾರದು, ನಡುವೆ ಕೈಕೊಟ್ಟರೆ ಡಿಸ್ಕಿಗೆ ಪೆಟ್ಟು. ಜೊತೆಗೆ ಇದರದ್ದು ಸ್ವಲ್ಪ ಉಬ್ಬಿಯೂ ಇತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಬಗ್ಗಿಸಬೇಡಿ, ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಬೇಡಿ. ಪ್ಲಾಸ್ಟಿಕ್‌ನ ತೆಳ್ಳಗಿನ ಸಲಕರಣೆಯಿಂದ ಅಂಚಿನುದ್ದಕ್ಕೂ ಬಿಡಿಸುತ್ತಾ ಬಂದರೆ ಬಿಳಿ ಭಾಗವೂ ಸ್ಟೀಲೂ ಬೇರೆಯಾಗುತ್ತವೆ. ಹಲಸಿನ ಸೊಳೆ ಬಿಡಿಸುವಾಗಿನ ತಾಳ್ಮೆ ಬೇಕು. ಬೇರೆಯಾದ ಕೂಡಲೇ ಪುಸ್ತಕ ತೆರೆದ ಹಾಗೆ ಅಗಲಿಸಬೇಡಿ, ಇಲ್ಲೇ ಎಲ್ಲರೂ ಸೋಲುವುದು. ಎರಡು ಪಟ್ಟಿಗಳು ಎರಡೂ ಭಾಗವನ್ನು ಹಿಡಿದುಕೊಂಡಿರುತ್ತವೆ. ಒಂದು ಹಿಂಬದಿಗೆ ಅಂಟಿದ ಬ್ಯಾಟರಿಯಿಂದ ಬೋರ್ಡಿಗೆ ಬರುವ ಕಿರುಬೆರಳಿನಷ್ಟೂ ಅಗಲವಿಲ್ಲದ ಪಟ್ಟಿ. ಇನ್ನೊಂದು ಇಯರ್‌ಫೋನ್ ಕಿಂಡಿ ಮತ್ತು ಆ ಹೋಲ್ಡ್ ಗುಂಡಿಯದ್ದು. ಬ್ಯಾಟರಿ ಪಟ್ಟಿ ಕೂರುವ ಕಡೆ ಒಂದು ಕಂದು ಬಣ್ಣದ ಚಿಲಕ, ಅಕ್ಕಿಕಾಳಿನಷ್ಟು. ಅದನ್ನು ಮೇಲೆತ್ತಿದರೆ ಪಟ್ಟಿ ತಾನಾಗಿ ಜಾರುತ್ತದೆ. ಎಳೆದಿರೋ, ಚಿಲಕವೇ ಕಿತ್ತು ಬರುತ್ತದೆ. ನನ್ನ ಹಳೆಯ ಒಂದು ಐಪಾಡ್ ಹಾಗೇ ಹೋಯಿತು, ಅದರ ಪುಣ್ಯದಿಂದ ದೊಡ್ಡಮ್ಮನದ್ದು ಉಳಿಯಿತು.

ಹೊಸ ಬ್ಯಾಟರಿ ಆನ್‌ಲೈನಿನಲ್ಲಿ ತರಿಸಿದ್ದು. ಅದರ ಮೈಮೇಲೆ ಬರೆದ ಸಾಮರ್ಥ್ಯ ನಂಬಿದರೆ ಸ್ಕೂಟರ್ ಓಡಿಸಬಹುದಿತ್ತು. ಇರಲಿ, ಅಷ್ಟು ಗಾತ್ರದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು ಕೆಲಸ ಮಾಡುತ್ತಿದೆ.

ಆಮೇಲೆ ಐಪಾಡನ್ನು ಡಿಸ್ಕ್ ಮೋಡ್‌ಗೆ ತಂದೆ. ಮೆನು ಮತ್ತು ನಡುವಿನ ಗುಂಡಿ ಒಟ್ಟಿಗೆ ಒತ್ತಿ ಹಿಡಿಯಬೇಕು, ಸೇಬು ಮೂಡಿದ ಕೂಡಲೇ ಅವನ್ನು ಬಿಟ್ಟು ನಡುವಿನದ್ದನ್ನೂ ಪ್ಲೇಯನ್ನೂ ಒತ್ತಿ ಹಿಡಿಯಬೇಕು. ಆಗ ಅದು ಪ್ಲೇಯರ್ ಅನ್ನುವ ವೇಷ ಕಳಚಿ ಬರೀ ಯುಎಸ್‌ಬಿ ಡಿಸ್ಕ್ ಆಗಿ ಕೂರುತ್ತದೆ. ಪ್ಲೇಯ ಬದಲು ಹಿಂದಿನ ಹಾಡಿನ ಗುಂಡಿ ಹಿಡಿದರೆ ತಪಾಸಣೆಯ ಪರದೆ ಬರುತ್ತದೆ, ಅದರಲ್ಲಿ ಡಿಸ್ಕಿನ ಆರೋಗ್ಯದ ಅಂಕಿಗಳು ಸಿಗುತ್ತವೆ. ಡಿಸ್ಕಿನ ಎಷ್ಟು ಸೆಕ್ಟರ್, ಅಂದರೆ ಸಣ್ಣ ತುಣುಕು, ಕೆಟ್ಟಿವೆ, ಎಷ್ಟು ಸಂಶಯದಲ್ಲಿವೆ ಅಂತ. ಇದರಲ್ಲಿ ಕೆಲವು ಸಂಶಯದಲ್ಲಿದ್ದವು. ಹಾಗಾಗಿ ಸುಮ್ಮನೆ ಕಡತ ಎಳೆದು ಹಾಕುವುದು ಬೇಡ ಅಂತ ತೀರ್ಮಾನಿಸಿದೆ.

ಪೆನ್‌ಡ್ರೈವಿನಿಂದಲೇ ಓಡುವ ಉಬುಂಟು ಎಂಬ ಲಿನಕ್ಸ್ ಹಾಕಿದೆ. ಲಿನಕ್ಸ್‌ಗೆ ಒಂದು ಒಳ್ಳೆಯ ಗುಣವಿದೆ, ಇಂಥ ಮ್ಯಾಕ್ ಡಿಸ್ಕನ್ನು ಓದಲಿಕ್ಕೆ ಕೊಡುತ್ತದೆ, ಜರ್ನಲಿಂಗ್, ಅಂದರೆ ಬದಲಾವಣೆಗಳ ದಿನಚರಿ ಇಡುವ ಏರ್ಪಾಡು, ಇದ್ದರೆ ಬರೆಯಲಿಕ್ಕೆ ಬಿಡುವುದಿಲ್ಲ. ಬೇರೆಯವರಿಗೆ ಅದು ಕಿರಿಕಿರಿ, ನನಗೆ ಕಾವಲುಗಾರ. ಆದರೂ ಓದುವ ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದೆ. ಅದಕ್ಕೆ ಬಳಸಿದ್ದು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಇದರ ಬುದ್ಧಿ ನನಗೆ ಬಹಳ ಇಷ್ಟ. ಓದಲು ಬರುವ ಜಾಗವನ್ನೆಲ್ಲ ಮೊದಲು ಓದಿಕೊಳ್ಳುತ್ತದೆ, ತೊಡಕಿನ ಜಾಗ ಬಂದರೆ ಅಲ್ಲೇ ಜಗಳಕ್ಕೆ ನಿಲ್ಲದೆ ದಾಟಿ ಹೋಗುತ್ತದೆ, ಎಲ್ಲಿ ಬಿಟ್ಟೆ ಅಂತ ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡು ಕೊನೆಗೆ ಹಿಂದಿರುಗಿ ಬಂದು ಕೆದಕುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ನೋಡಿಕೊಂಡು ಮುಂದುವರಿಯುತ್ತದೆ. ಪರೀಕ್ಷೆಯಲ್ಲಿ ಜಾಣ ಮಕ್ಕಳು ಮಾಡುವುದು ಇದನ್ನೇ.

ಬಹುಪಾಲು ಡಿಸ್ಕು ಒಂದು ಗಂಟೆಯೊಳಗೆ ಬಂತು. ಉಳಿದ ಚೂರಿಗೆ ರಾತ್ರಿಯಿಡೀ ಟಿಕ್, ಟಿಕ್. ಬೆಳಿಗ್ಗೆ ನೋಡಿದರೆ ಎಷ್ಟು ಕೆದಕಿದರೂ ಬಾರದೇ ಉಳಿದದ್ದು 412 ಕೆಬಿ. ಇದು ಎಷ್ಟು ಅಂತ ಹೇಗೆ ಅಳೆಯುವುದು? ಅಣ್ಣ ಆಗ ಎಲ್ಲವನ್ನೂ ವೇವ್ ಕಡತ ಮಾಡಿ ಹಾಕಿದ್ದ. ಅದರಲ್ಲಿ ಯಾವ ಅಡಕವೂ ಇಲ್ಲ, ಒಂದು ಸೆಕೆಂಡಿನ ಸದ್ದಿಗೆ 176 ಕೆಬಿ ಚಿಲ್ಲರೆ. ಅಂದರೆ ನಲವತ್ತು ಗಂಟೆಯಲ್ಲಿ ನಾವು ಕಳೆದುಕೊಂಡದ್ದು ಎರಡೂಕಾಲು ಸೆಕೆಂಡಿಗಿಂತ ಒಂಚೂರು ಹೆಚ್ಚು. ಒಂದು ಕಡೆ ಚೆಂಡೆಯ ಪೆಟ್ಟಿನ ನಡುವೆ ಒಂದು ಬಿಕ್ಕಳಿಕೆ ಕೇಳುತ್ತದೆ, ಅದೇ ಇರಬೇಕು.

ಈಗ ಪಡಿಯಚ್ಚನ್ನು ತೆರೆದೆ. ಐಪಾಡ್‌ನೊಳಗಿನ ಜೋಡಣೆ ನೋಡದವರಿಗೆ ಹೇಳುತ್ತೇನೆ. ಐಪಾಡ್ ಕಂಟ್ರೋಲ್ ಅಂತ ಮರೆಮಾಡಿದ ಫೋಲ್ಡರು, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01, ಎಫ್02 ಅಂತ ಸಾಲಾಗಿ ಫೋಲ್ಡರುಗಳು. ಹಾಡುಗಳು ಅವುಗಳಲ್ಲಿ ಚದುರಿ ಬಿದ್ದಿರುತ್ತವೆ. ಹೆಸರು? ನಾಲ್ಕು ಅಕ್ಷರದ ಅಡ್ಡಾದಿಡ್ಡಿ ಹೆಸರು. ಕೆಕ್ಯೂಝಡ್‌ಟಿ ಡಾಟ್ ವೇವ್. ಎಂಬಿಎಲ್‌ಎಚ್ ಡಾಟ್ ವೇವ್. ನನ್ನ ಮುಂದೆ ಇಂಥ 54 ಕಡತಗಳು, ಒಟ್ಟು ಸುಮಾರು 26 ಜಿಬಿ. ಯಾವುದು ಯಾವ ಪ್ರಸಂಗ, ಯಾವ ಕ್ಯಾಸೆಟ್ಟು, ಯಾವ ಸೈಡು? ದೇವರಾಣೆ ಗೊತ್ತಿಲ್ಲ.

ಎಂಪಿ3 ಆಗಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಎಂಪಿ3 ಕಡತದ ಹೊಟ್ಟೆಯಲ್ಲೇ ಹಾಡಿನ ಹೆಸರು, ಹಾಡಿದವರ ಹೆಸರು ಬರೆದಿರುತ್ತದೆ, ಕಡತದ ಹೊರಗಿನ ಹೆಸರು ಏನಾದರೂ ಆಗಲಿ ಒಳಗಿನದ್ದು ಉಳಿಯುತ್ತದೆ. ನಿಮ್ಮ ಐಪಾಡ್‌ನಲ್ಲಿ ಎಂಪಿ3 ಇದ್ದರೆ ಆ ಫೋಲ್ಡರುಗಳನ್ನು ಹಾಗೇ ನಕಲು ಮಾಡಿ ಯಾವುದಾದರೂ ಟ್ಯಾಗ್ ಓದುವ ತಂತ್ರಾಂಶಕ್ಕೆ ಕೊಡಿ, ಅದೇ ಹೆಸರಿಟ್ಟು ಜೋಡಿಸಿ ಕೊಡುತ್ತದೆ. ವೇವ್ ಕಡತಗಳಲ್ಲಿ ಐಟ್ಯೂನ್ಸ್ ಹಾಗೆ ಬರೆಯುತ್ತಿರಲಿಲ್ಲ. ಅಣ್ಣ ಕೂತು ಟೈಪ್ ಮಾಡಿದ ಹೆಸರೆಲ್ಲ ಇದ್ದದ್ದು ಒಂದೇ ಕಡೆ, ಐಟ್ಯೂನ್ಸ್‌ಡಿಬಿ ಅನ್ನುವ ಒಂದು ಕಡತದಲ್ಲಿ. ರಿಸ್ಟೋರ್ ಒತ್ತಿದ್ದರೆ ಮೊದಲು ಹೋಗುತ್ತಿದ್ದದ್ದು ಅದೇ. ಆಮೇಲೆ ಯಾವುದೋ ತಂತ್ರಾಂಶದಿಂದ ಸದ್ದು ಮರಳಿ ಸಿಕ್ಕಿದ್ದರೂ ಸಿಗುತ್ತಿದ್ದದ್ದು ಹೆಸರಿಲ್ಲದ 54 ತುಂಡುಗಳು.

ಈ ಐಟ್ಯೂನ್ಸ್‌ಡಿಬಿಯ ರಚನೆಯನ್ನು ಆಪಲ್ ಹೊರಗೆ ಹೇಳಲಿಲ್ಲ. ಲಿನಕ್ಸ್ ಬಳಸುವವರು ವರ್ಷಗಟ್ಟಲೆ ಒಂದೊಂದು ಬೈಟು ಬದಲಿಸಿ ನೋಡಿ ನೋಡಿ ಬಿಡಿಸಿದರು, ಅದರಿಂದಲೇ ಲಿಬ್‌ಜಿಪಾಡ್ ಎಂಬ ತಂತ್ರಾಂಶ ಹುಟ್ಟಿದ್ದು. ಅವರು ಬಿಡಿಸಿದ್ದನ್ನು ಎದುರಿಗಿಟ್ಟುಕೊಂಡು ನಾನೊಂದು ಐವತ್ತು ಸಾಲಿನ ಪೈಥಾನ್ ಪ್ರೋಗ್ರಾಮು ಬರೆದೆ. ಕಡತ ಎಂಎಚ್‌ಬಿಡಿ ಎಂಬ ನಾಲ್ಕು ಅಕ್ಷರದಿಂದ ಶುರುವಾಗುತ್ತದೆ. ಒಳಗೆ ಪ್ರತಿ ಹಾಡಿಗೂ ಎಂಎಚ್‌ಐಟಿ ಎಂಬ ಒಂದೊಂದು ಡಬ್ಬಿ, ಆ ಡಬ್ಬಿಯೊಳಗೆ ಎಂಎಚ್‌ಒಡಿ ಎಂಬ ಕಿರು ಡಬ್ಬಿಗಳು. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಕಡತ ಎಲ್ಲಿದೆ ಎಂಬ ವಿಳಾಸ. ಮಜಾ ಏನೆಂದರೆ ವಿಳಾಸದಲ್ಲಿ ಫೋಲ್ಡರುಗಳ ನಡುವೆ ಓರೆಗೆರೆ ಇಲ್ಲ, ವಿವರಣ ಚಿಹ್ನೆ, ಆ ಎರಡು ಚುಕ್ಕೆ ಇದೆ. ಹಳೇ ಮ್ಯಾಕಿಂಟಾಶ್‌ನ ರೂಢಿ ಅದು. ತಾರೀಕುಗಳನ್ನೂ 1904ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಅಂತ ಎಣಿಸಿ ಇಟ್ಟಿದ್ದಾರೆ, ಅದೂ ಮ್ಯಾಕ್‌ನದ್ದೇ ಬಳುವಳಿ. ನನಗೆ ಇದು ಗೊತ್ತಿಲ್ಲದೆ ಮೊದಲ ಸಲ 1970ರಿಂದ ಎಣಿಸಿದೆ. ದೊಡ್ಡಪ್ಪ 2072ರಲ್ಲಿ ತಾಳಮದ್ದಳೆ ಕೇಳಿದರು ಅಂತ ಬಂತು!

ಸರಿಪಡಿಸಿ ಓಡಿಸಿದೆ. ಪರದೆಯ ಮೇಲೆ ಸಾಲಾಗಿ ಇಳಿಯಿತು. ಕೆಕ್ಯೂಝಡ್‌ಟಿ ಅಂದರೆ ‘ವಾಲಿ 3ಬಿ’. ಎಂಬಿಎಲ್‌ಎಚ್ ಅಂದರೆ ‘ವಾಲಿ 1ಎ’. 54ಕ್ಕೆ 54 ಹೆಸರೂ ಸಿಕ್ಕಿತು. ಆ ರಾತ್ರಿ ನನಗೆ ಆದ ಸಂತೋಷ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಇಲ್ಲಿ ಕೂತವರಿಗೆ ಆಗುತ್ತದೆ ಅಂದುಕೊಂಡಿದ್ದೇನೆ.

ಇನ್ನು ಹೊಸ ಕಂಪ್ಯೂಟರಿಗೆ ಹೊಂದಿಸುವ ಭಾಗ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ಸುಲಭ. ಹಳೇ ಡಿಸ್ಕನ್ನು ತೆಗೆದು ಕಾಗದದಲ್ಲಿ ಸುತ್ತಿ ತಾರೀಕು ಬರೆದು ಎತ್ತಿಟ್ಟೆ. ಅದರ ಜಾಗಕ್ಕೆ ಎಸ್‌ಡಿ ಕಾರ್ಡು ಕೂರಿಸುವ ಒಂದು ಸಣ್ಣ ಬೋರ್ಡು ಸಿಗುತ್ತದೆ, ಅದೇ ಪಟ್ಟಿಗೆ ಸಿಕ್ಕಿಸಿದರೆ ಐಪಾಡ್‌ಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ತೂಕ ಕಡಿಮೆ, ಬಿದ್ದರೂ ಭಯವಿಲ್ಲ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಈಗ ರಿಸ್ಟೋರ್ ಒತ್ತಬಹುದು, ಕಳೆದುಕೊಳ್ಳಲಿಕ್ಕೆ ಏನೂ ಇಲ್ಲ. ವಿಂಡೋಸ್‌ನಲ್ಲಿ ಒತ್ತಿದರೆ ಅದರ ಜೋಡಣೆ ಎಫ್ಎಟಿ32 ಎಂಬ ಬಗೆಯದ್ದಾಗುತ್ತದೆ. ಅದೇ ವಾಸಿ, ಆಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಓದಲು, ಬರೆಯಲು ಬರುತ್ತದೆ. ನನಗೆ ಮೊದಲು 1439 ಅನ್ನುವ ತಪ್ಪಿನ ಸಂಖ್ಯೆ ಬಂತು. ಟೈಪ್-ಸಿ ಹಬ್ಬಿನಲ್ಲಿ ಸಿಕ್ಕಿಸಿದ್ದೆ. ಹಬ್ ತೆಗೆದು ಲ್ಯಾಪ್‌ಟಾಪಿನ ಕಿಂಡಿಗೇ ನೇರ ಕೊಟ್ಟೆ, ಹೋಯಿತು. ವಿಂಡೋಸ್‌ನಲ್ಲಿ ಐಟ್ಯೂನ್ಸ್ ಈಗಲೂ ಸಿಗುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಐಟ್ಯೂನ್ಸ್ ಇಲ್ಲ, ಫೈಂಡರ್ ಕಿಟಕಿಯ ಎಡಬದಿಯಲ್ಲಿ ಐಪಾಡ್ ಕಾಣಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ರಿದಮ್‌ಬಾಕ್ಸ್ ಎಂಬ ಹಾಡಿನ ತಂತ್ರಾಂಶ ಸಾಕು. ಎಲ್ಲಿ ಹಾಕಿದರೂ ಹಾಡುಗಳನ್ನು ನಾನೇ ಕೈಯಾರೆ ಹಾಕುತ್ತೇನೆ ಅನ್ನುವ ಚೌಕಕ್ಕೆ ಮೊದಲು ಟಿಕ್ ಹಾಕಿ. ಇಲ್ಲದಿದ್ದರೆ ಆ ಮೂರನೇ ಪೆಟ್ಟಿಗೆ ಇನ್ನೊಮ್ಮೆ ಬಾಗಿಲು ತಟ್ಟುತ್ತದೆ.

ವೇವ್ ಕಡತಗಳನ್ನು, ಸದ್ದು ಏನೂ ಕಳೆಯದೆ ಚಿಕ್ಕದಾಗಿಸುವ ಫ್ಲ್ಯಾಕ್ ಮಾಡಿ ಎರಡು ಬೇರೆ ಬೇರೆ ಮನೆಯಲ್ಲಿ ಇಟ್ಟಿದ್ದೇನೆ. ಐಪಾಡ್‌ಗೆ ಹಾಕಿದ್ದು ಎಂಪಿ3ಯ ಹಾಗೆ ಅಡಕ ಮಾಡುವ ಎಎಸಿ, ಒಂದೇ ಚಾನೆಲ್ಲು, 64 ಕೆಬಿಪಿಎಸ್. ಒಬ್ಬರ ಮಾತು, ಮದ್ದಳೆ, ಭಾಗವತರ ಪದ, ಅದೂ ಟೂ-ಇನ್-ಒನ್ನಿನ ಮೈಕಿನಲ್ಲಿ ಹಿಡಿದದ್ದು. ಇದಕ್ಕಿಂತ ಹೆಚ್ಚು ಬೇಕಿಲ್ಲ. ಒಂದು ಸೈಡಿಗೆ 476 ಎಂಬಿ ಇದ್ದದ್ದು 22 ಎಂಬಿಗೆ ಇಳಿಯಿತು. ಹಿಂದೆ ದೊಡ್ಡಪ್ಪ ‘ಇದರ ಬ್ಯಾಟ್ರಿ ಎರಡು ಕ್ಯಾಸೆಟ್ಟಿಗೆ ಬರುವುದಿಲ್ಲ’ ಅಂತ ಗೊಣಗುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಈ ಐಪಾಡ್‌ನ ಸ್ಮೃತಿ 32 ಎಂಬಿ. ಸಾಮಾನ್ಯ ಎಂಪಿ3 ಹಾಡಾದರೆ ಐದಾರನ್ನು ಒಮ್ಮೆಗೇ ಅದರಲ್ಲಿ ತುಂಬಿಕೊಂಡು ಡಿಸ್ಕು ಮಲಗಿಬಿಡುತ್ತದೆ. ವೇವ್ ಆದರೆ ಮೂರು ನಿಮಿಷದ್ದೂ ಹಿಡಿಸುವುದಿಲ್ಲ, ಪ್ರತಿ ಸಲ ಡಿಸ್ಕು ಎದ್ದು ತಿರುಗಬೇಕು. ರಾತ್ರಿಯಿಡೀ ಅದಕ್ಕೂ ಜಾಗರಣೆ!

ಕನ್ನಡದ ಒಂದು ಮಾತು. ಖುಷಿಯಲ್ಲಿ ಹೆಸರುಗಳನ್ನೆಲ್ಲ ಕನ್ನಡ ಲಿಪಿಗೆ ಬದಲಿಸಿದೆ. ಐಪಾಡ್ ಪರದೆಯಲ್ಲಿ ಒಂದಕ್ಷರವೂ ಮೂಡಲಿಲ್ಲ. ರಾಕ್‌ಬಾಕ್ಸ್ ಹಾಕಿ ನೋಡಿದೆ. ಇದು 2001ರಲ್ಲಿ ಬೇರೆ ಪ್ಲೇಯರಿಗೆಂದು ಶುರುವಾದ ಸ್ವತಂತ್ರ ತಂತ್ರಾಂಶ, ಐಪಾಡ್‌ಗೂ ಬರುತ್ತದೆ, ಫ್ಲ್ಯಾಕನ್ನೂ ನುಡಿಸುತ್ತದೆ, ಐಟ್ಯೂನ್ಸ್‌ಡಿಬಿಯ ಹಂಗಿಲ್ಲದೆ ಮಾಮೂಲಿ ಫೋಲ್ಡರುಗಳನ್ನೇ ತೋರಿಸುತ್ತದೆ. ಅದರಲ್ಲಿ ಯುನಿಫಾಂಟ್ ಎಂಬ ಅಕ್ಷರಶೈಲಿ ಹಾಕಿದರೆ ಕನ್ನಡ ಅಕ್ಷರ ಮೂಡುತ್ತದೆ, ಒತ್ತಕ್ಷರ ಮಾತ್ರ ಕೆಳಗಿಳಿಯುವುದಿಲ್ಲ. ‘ಯಕ್ಷಗಾನ’ ಅಂತ ಬರೆದದ್ದು ‘ಯಕ್‌ಷಗಾನ’ ಅಂತ ನಿಂತಿತು. ದೊಡ್ಡಮ್ಮನಿಗೆ ತೋರಿಸಿದೆ. ‘ಇದೆಂತ ಒಂದನೇ ಕ್ಲಾಸಿನ ಮಕ್ಕಳು ಬರೆದ ಹಾಗೆ’ ಅಂದರು. ಪುನಃ ಇಂಗ್ಲಿಷ್ ಅಕ್ಷರಕ್ಕೇ ಹೋದೆ.

ಇದಕ್ಕಿಂತ ಹಳೆಯದು ಇದ್ದವರು ಯಾರಾದರೂ? ಒಬ್ಬರು ಕೈ ಎತ್ತಿದ್ದಾರೆ. ಮೊದಲ ಎರಡು ತಲೆಮಾರಿನವಕ್ಕೆ ಯುಎಸ್‌ಬಿಯೇ ಇಲ್ಲ, ಫೈರ್‌ವೈರ್ ಎಂಬ ಇನ್ನೊಂದು ಬಗೆಯ ಜೋಡಣೆ ಮಾತ್ರ. ಆಗಿನ ಯುಎಸ್‌ಬಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್, ಫೈರ್‌ವೈರ್‌ನದ್ದು 400. 5 ಜಿಬಿ ತುಂಬಲಿಕ್ಕೆ ಯುಎಸ್‌ಬಿ ಆದರೆ ಒಂದು ಸಿನಿಮಾ ನೋಡಿ ಬರಬಹುದಿತ್ತು. 2003ರ ಮೂರನೇ ತಲೆಮಾರಿನಲ್ಲಿ 30 ಪಿನ್ ಬಂತು, ಹಾಡು ಯುಎಸ್‌ಬಿಯಲ್ಲಿ ಹೋಗುತ್ತದೆ, ಚಾರ್ಜ್ ಮಾತ್ರ ಫೈರ್‌ವೈರ್‌ನಲ್ಲೇ ಆಗಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಕೆಟ್ಟಿದೆ ಅಂತ ಬಿಸಾಡಿದ್ದಾರೆ. ಹೊಸ ಮ್ಯಾಕ್‌ಗೆ ಫೈರ್‌ವೈರ್ ಸಿಕ್ಕಿಸಬೇಕಾದರೆ ಒಂದರ ಬಾಲಕ್ಕೆ ಒಂದು ಅಡಾಪ್ಟರ್ ಹಾಕುತ್ತಾ ಹೋಗಬೇಕು, ರೈಲಿನ ಹಾಗೆ. ಮ್ಯಾಕ್‌ನ 2025ರ ಟಾಹೋ ಆವೃತ್ತಿಯಲ್ಲಿ ಆಪಲ್ ಫೈರ್‌ವೈರ್ ಬೆಂಬಲವನ್ನೇ ತೆಗೆದಿದೆ, ಹಾಗಾಗಿ ರೈಲು ಕಟ್ಟಿದರೂ ಹಳಿ ಇಲ್ಲ. ಫೈರ್‌ವೈರ್ ಕಿಂಡಿ ಇರುವ ಒಂದು ಹಳೇ ಲ್ಯಾಪ್‌ಟಾಪ್ ಹುಡುಕಿ ಇಟ್ಟುಕೊಳ್ಳುವುದೇ ಜಾಣತನ.

(ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.)

ದುಬೈಯಿಂದ ತಂದ ಸೋನಿ ನೆಟ್‌ಎಂಡಿ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಮಿನಿಡಿಸ್ಕ್ ಪ್ಲೇಯರ್ ಇದೆ, ಅದಕ್ಕೇನು ದಾರಿ ಅಂತ ಹಿರಿಯರೊಬ್ಬರು ಕೇಳಿದರು. ಸರ್, ನಿಮ್ಮದು ಐಪಾಡ್‌ಗಿಂತ ಸುಲಭ. ಸೋನಿಯ ಸೋನಿಕ್‌ಸ್ಟೇಜ್ ತಂತ್ರಾಂಶದ ಗೋಜಿಗೇ ಹೋಗಬೇಡಿ, ಅದರ ಡ್ರೈವರ್ 64 ಬಿಟ್ ವಿಂಡೋಸ್‌ಗೆ ಸುಲಭಕ್ಕೆ ಒಗ್ಗುವುದಿಲ್ಲ. ವೆಬ್ ಮಿನಿಡಿಸ್ಕ್ ಅಂತ ಒಂದಿದೆ, ಕ್ರೋಮ್ ಬ್ರೌಸರಿನೊಳಗೇ ಓಡುತ್ತದೆ, ಬ್ರೌಸರೇ ಯುಎಸ್‌ಬಿ ಮೂಲಕ ಪ್ಲೇಯರಿನ ಜೊತೆ ಮಾತಾಡುತ್ತದೆ. ಫೈರ್‌ಫಾಕ್ಸ್‌ನಲ್ಲೂ ಸಫಾರಿಯಲ್ಲೂ ನಡೆಯುವುದಿಲ್ಲ. ವಿಂಡೋಸ್ ಆದರೆ ಮೊದಲು ಝಾಡಿಗ್ ಎಂಬುದರಿಂದ ವಿನ್‌ಯುಎಸ್‌ಬಿ ಡ್ರೈವರ್ ಕೂರಿಸಬೇಕು. ಡಿಸ್ಕಿನಲ್ಲಿ ನೀವೇ ಮೈಕಿಟ್ಟು ರೆಕಾರ್ಡ್ ಮಾಡಿದ್ದೇನಾದರೂ ಇದೆಯಾ? ಇದೆ ಅಂದರೆ, ಒಳಗೆ ಹಾಕುವ ಮೊದಲು ಅದನ್ನು ಹೊರಗೆ ತೆಗೆಯುವ ಯೋಚನೆ ಮಾಡಿ. ಬೇರೇನೂ ಆಗದಿದ್ದರೆ ಇಯರ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಮೈಕ್ ಕಿಂಡಿಗೆ ಒಂದು ತಂತಿ ಎಳೆದು ಕೇಳಿಸಿಕೊಂಡೇ ಇಳಿಸಿಕೊಳ್ಳಬಹುದು. ಹೊತ್ತು ಹಿಡಿಯುತ್ತದೆ, ಆದರೆ ಯಾವ ಪೆಟ್ಟಿಗೆಯೂ ‘ಅಳಿಸಲೇ’ ಅಂತ ಕೇಳುವುದಿಲ್ಲ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು, ‘ದೊಡ್ಡಮ್ಮ ಏನಂದ್ರು?’

ಜಗಲಿಯಲ್ಲಿ ಕೂತಿದ್ದರು, ಅಡಿಕೆ ಸುಲಿಯುತ್ತಾ. ಒಂದು ಸಣ್ಣ ಸ್ಪೀಕರಿಗೆ ಐಪಾಡ್ ಸಿಕ್ಕಿಸಿ ‘ವಾಲಿ 3ಎ’ ಹಾಕಿದೆ. ಐದು ನಿಮಿಷ ಕೇಳಿದರು, ಕೈ ನಿಲ್ಲಿಸಲಿಲ್ಲ. ಆಮೇಲೆ ‘ಇದು ಎ ಅಲ್ಲ, ಬಿ ಸೈಡು’ ಅಂದರು. ಇಲ್ಲ ದೊಡ್ಡಮ್ಮ, ನಾನು ಡೇಟಾಬೇಸ್ ನೋಡಿಯೇ ಹೆಸರಿಟ್ಟದ್ದು ಅಂದೆ. ‘ಎಂಥ ಬೇಸೋ. ನಿನ್ನ ಅಣ್ಣ ತಪ್ಪು ಬರೆದಿದ್ದಾನೆ. ಮುಂದಿನದ್ದು ಹಾಕು, ಅದರ ಕೊನೆಗೆ ಮಳೆ ಬರ್ತದೆ, ನಿನ್ನ ದೊಡ್ಡಪ್ಪ ಕೊಡೆ ಬಿಡಿಸುವ ಶಬ್ದ ಕೇಳ್ತದೆ. ಅದು ಮುಗಿದ ಮೇಲೆ ಇದು.’

ಹಾಕಿದೆ. ನಲವತ್ತೆರಡನೇ ನಿಮಿಷದಲ್ಲಿ ಮಳೆ ಬಂತು. ಆಮೇಲೆ ಪಟ್ ಅಂತ ಕೊಡೆ. ಎರಡು ಕಡತಗಳ ಹೆಸರು ಅಲ್ಲೇ ಅದಲು ಬದಲು ಮಾಡಿದೆ. ಅಡಿಕೆ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಅಂಥದ್ದು ಇನ್ನೂ ನಾಲ್ಕು ಹಿಡಿದುಕೊಟ್ಟರು.